ಕಿಟಕಿತೋಟದ ಎಲೆಬಳ್ಳಿ

ವೀಳ್ಯದೆಲೆಯ ಬಳ್ಳಿಗೆ ಬೀಜದ ಹಂಗಿಲ್ಲ. ನಮ್ಮ ಕಡೆಯ ಎಲೆತೋಟಗಳಲ್ಲಿ ಅದು ಹೂ ಬಿಡುವುದೇ ಅಪರೂಪ. ಬಿಟ್ಟರೂ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಎರಡೂ ಒಂದೆಡೆ ಸೇರಿ ಕಾಯಿ ಕಟ್ಟುವುದು ದೂರದ ಮಾತು. ಹಾಗಾಗಿ ಯಾರ ಮನೆಯಲ್ಲಿ ಎಲೆಬಳ್ಳಿ ಕಂಡರೂ ಅದು ಇನ್ನಾರದೋ ಮನೆಯ ಬಳ್ಳಿಯ ತುಂಡು. ಆ ಇನ್ನಾರದೋ ಮನೆಯದು ಮತ್ತಾರದೋ ಹಿತ್ತಲಿನದು. ಹೀಗೆ ಹಿಂದೆ ಹಿಂದೆ ಹೋಗುತ್ತ ಕೂತರೆ ಒಂದಿಡೀ ಮಧ್ಯಾಹ್ನ ಸುಖವಾಗಿ ಕಳೆದುಹೋಗುತ್ತದೆ. ಅಂಥ ಮಧ್ಯಾಹ್ನಗಳು ನನಗೆ ಬಲು ಇಷ್ಟ.

ವಿಜ್ಞಾನದವರು ಇದನ್ನು ತದ್ರೂಪಿ ಎನ್ನುತ್ತಾರೆ. ತುಂಡು ತಾಯಿಯ ಮಗಳಲ್ಲ, ತಾಯಿಯೇ. ನಡುವೆ ಒಂದು ಕತ್ತರಿ ಆಡಿದೆ, ಅಷ್ಟೇ. ಮೈಸೂರಿನ ದೊಡ್ಡಮ್ಮನ ಹಿತ್ತಲಲ್ಲಿ ನುಗ್ಗೆಮರ ತಬ್ಬಿಕೊಂಡಿರುವ ಬಳ್ಳಿಯೂ ಬೆಂಗಳೂರಿನ ನನ್ನ ಅಡುಗೆಮನೆಯ ಕಿಟಕಿಯಲ್ಲಿರುವ ಬಳ್ಳಿಯೂ ಒಂದೇ ಜೀವ ಎಂದುಕೊಂಡರೆ ಮೈಯಲ್ಲೊಂದು ಸಣ್ಣ ಪುಳಕ. ಅಲ್ಲಿ ಮಳೆ ಬಂತಂತೆ ಎಂದು ಫೋನಿನಲ್ಲಿ ಕೇಳಿದರೆ ಇಲ್ಲಿಯ ಬಳ್ಳಿಗೆ ತಿಳಿಯಿತೋ ಏನೋ ಎಂದು ಅದರತ್ತ ನೋಡುತ್ತೇನೆ.

ದೊಡ್ಡಮ್ಮ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಲೆ ಹೊದಿಸಿ, ನಾರಿನಿಂದ ಕಟ್ಟಿ ಕೊಟ್ಟಿದ್ದರು. ಬುಡದ ಮುದಿ ಕಾಂಡವಲ್ಲ, ಮೇಲೆ ಮೇಲೆ ಹಬ್ಬುತ್ತಿರುವ ಹುರುಪಿನ ಭಾಗ. ಎಲೆತೋಟದವರೂ ಅಲ್ಲಿಂದಲೇ ಕತ್ತರಿಸುವುದು. ಒಂದೊಂದರಲ್ಲೂ ನಾಲ್ಕೈದು ಗೆಣ್ಣು. ಗೆಣ್ಣನ್ನು ಹತ್ತಿರದಿಂದ ನೋಡಬೇಕು. ಕಾಂಡ ಅಲ್ಲಿ ಸ್ವಲ್ಪ ಉಬ್ಬಿ ಬಣ್ಣ ತಿರುಗಿರುತ್ತದೆ. ಒಂದು ಪಕ್ಕದಿಂದ ಎಲೆಯ ತೊಟ್ಟು ಹೊರಟಿದ್ದರೆ, ಸುತ್ತ ಮುಳ್ಳಿನಂತೆ ಕಂಡರೂ ಮುಟ್ಟಿದರೆ ಮೆತ್ತಗಿರುವ ಕಂದು ಬೇರುಗಳು. ಮರ ಸಿಕ್ಕರೆ ಅವು ಮರವನ್ನು ಹಿಡಿಯುತ್ತವೆ, ಮಣ್ಣು ಸಿಕ್ಕರೆ ಮಣ್ಣಿಗೆ ಇಳಿಯುತ್ತವೆ. ಏನು ಸಿಕ್ಕೀತೆಂದು ಮೊದಲೇ ಗೊತ್ತಿಲ್ಲದೆ ಎರಡಕ್ಕೂ ಸಿದ್ಧವಾಗಿ ನಿಂತಿರುವ ಆ ಬೇರುಗಳ ಮೇಲೆ ನನಗೆ ಬಹಳ ಗೌರವ.

ಕೆಂಪು ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿದ ಕುಂಡದಲ್ಲಿ ಎರಡು ಗೆಣ್ಣು ಮುಚ್ಚುವಷ್ಟು ಊರಿದೆ. ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿದೆ. ಮೇಲೊಂದು ಪ್ಲಾಸ್ಟಿಕ್ ಚೀಲ ಕವುಚಿದೆ. ಬಿಸಿಲು ನೇರ ಬೀಳದ ಕಡೆ ಜಾಗ. ಮಾರನೆಯ ಬೆಳಿಗ್ಗೆ ನೋಡಿದರೆ ಬಳ್ಳಿ ಜೋತುಬಿದ್ದಿತ್ತು. ಜೋತುಬೀಳಲೇಬೇಕು. ಎಲೆ ಉಸಿರಾಡುತ್ತ ನೀರು ಕಳೆಯುತ್ತದೆ, ಕೆಳಗಿನಿಂದ ತುಂಬಿಕೊಡಲು ಬೇರಿನ್ನೂ ಕುದುರಿಲ್ಲ. ಚೀಲದ ಒಳಮೈಗೆ ಕಟ್ಟಿದ ಹನಿಗಳೇ ಆಗ ಅದರ ಆಸ್ತಿ.

ಇದು ಚೇತರಿಕಾಲ. ಮಾಡಲು ಏನೂ ಇಲ್ಲ. ನೀರು ಜಾಸ್ತಿ ಕೊಟ್ಟರೆ ಬುಡ ಕೊಳೆಯುತ್ತದೆ, ಎತ್ತಿ ನೋಡಿದರೆ ಹುಟ್ಟುತ್ತಿರುವ ಬೇರು ಮುರಿಯುತ್ತದೆ. ಉಳಿಯುವುದು ಸುಮ್ಮನೋಟ ಒಂದೇ. ಕೈಯಲ್ಲಿ ಕಾಫಿ ಲೋಟ ಹಿಡಿದು, ಯಾವ ಪ್ರಯೋಜನವನ್ನೂ ಬಯಸದೆ, ಒಂದು ಎಲೆಯ ಅಂಚು ನಿನ್ನೆಗಿಂತ ಇವತ್ತು ಎದ್ದಿದೆಯೇ ಎಂದು ನೋಡುತ್ತ ನಿಲ್ಲುವುದು. ಮಣ್ಣೊಳಗೆ ಮಾತ್ರ ಭಾರೀ ಕೆಲಸ ಸಾಗಿರುತ್ತದೆ. ಚಿಗುರಿನ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಚೋದಕ ಕಾಂಡದುದ್ದಕ್ಕೂ ಕೆಳಗಿಳಿದು ಕಡಿದ ಜಾಗದ ಹತ್ತಿರ ಕೂಡಿಕೊಳ್ಳುತ್ತದೆ. ಅದುವರೆಗೆ ಕಾಂಡವಾಗಿದ್ದ ಕಣಗಳು ಅದರ ಮಾತು ಕೇಳಿ ಬೇರಾಗಲು ಹೊರಡುತ್ತವೆ. ಪ್ರಯೋಗಾಲಯಗಳಲ್ಲಿ ಇದು ಸ್ಪಷ್ಟವಾದದ್ದು 1930ರ ದಶಕದಲ್ಲಿ. ಹುರುಪಿನ ತುದಿಯನ್ನೇ ಆರಿಸಿ ಊರುವ ರೈತರ ರೂಢಿ ಅದಕ್ಕಿಂತ ಎಷ್ಟೋ ಹಳೆಯದು.

ಎಷ್ಟು ಹಳೆಯದೆಂದರೆ, ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕೊದಿಂದ ಬಂದು ನಮ್ಮ ಹೊನ್ನಾವರವನ್ನೂ ಹಾದುಹೋದ ಇಬ್ನ್ ಬತೂತ ಈ ಬಳ್ಳಿಯನ್ನು ಕಂಡು ಬರೆದಿಟ್ಟಿದ್ದಾನೆ: ದ್ರಾಕ್ಷಿಯಂತೆ ಚಪ್ಪರಕ್ಕೋ ತೆಂಗಿನ ಮರಕ್ಕೋ ಹಬ್ಬಿಸುತ್ತಾರೆ, ಇದಕ್ಕೆ ಹಣ್ಣಿಲ್ಲ, ಬೆಳೆಸುವುದು ಎಲೆಗಾಗಿಯೇ ಎಂದು. ಹಣ್ಣಿಲ್ಲದ ಬಳ್ಳಿಯನ್ನು ಇಷ್ಟು ಮುದ್ದಿನಿಂದ ಸಾಕುವ ಜನರನ್ನು ನೋಡಿ ಅವನಿಗೆ ಏನನ್ನಿಸಿತೋ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನಂತೂ ಎಲೆಯ ಗುಣಗಾನಕ್ಕೇ ನಿಂತುಬಿಟ್ಟ. ಅವರಿಗೂ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳ ಸಾಲಿನಲ್ಲಿ ತಾಂಬೂಲಕ್ಕೂ ಜಾಗ ಕೊಟ್ಟಿದ್ದಾನೆ. ಈ ಎಲೆಗಳೆಲ್ಲ ತುಂಡಿನಿಂದ ತುಂಡಿಗೆ, ಕೈಯಿಂದ ಕೈಗೆ ದಾಟಿದ ಬಳ್ಳಿಗಳವು. ಯಾವುದೋ ಒಂದು ತಲೆಮಾರು ಕೈಚಾಚಿ ಕೊಡದೆ ಇದ್ದಿದ್ದರೆ ಎಳೆ ಅಲ್ಲೇ ಕಡಿದುಹೋಗುತ್ತಿತ್ತು.

ಎಲ್ಲಿದ್ದೆ? ಚೀಲದೊಳಗೆ. ಒಂದು ದಿನ ಎಲೆ ನೆಟ್ಟಗಾಯಿತು. ಮಣ್ಣಿನ ಮೇಲ್ಮೈಗೆ ತಾಗಿಕೊಂಡಿದ್ದ ಗೆಣ್ಣಿನಿಂದ ನೆಂದ ಶ್ಯಾವಿಗೆ ಎಳೆಯಷ್ಟು ಬೆಳ್ಳಗಿನ ಬೇರು ಇಳಿದಿರುವುದು ಕಾಣಿಸಿತು. ಚೀಲವನ್ನು ದಿನಕ್ಕಿಷ್ಟು ಹೊತ್ತು ತೆಗೆದು, ಗಾಳಿ ರೂಢಿ ಮಾಡಿಸಿ, ಆಮೇಲೆ ಪೂರ್ತಿ ಬಿಟ್ಟೆ. ತೆಂಗಿನ ನಾರು ಸುತ್ತಿದ ಕೋಲೊಂದನ್ನು ನೆಟ್ಟೆ. ತೋಟದಲ್ಲಾದರೆ ಅಗಸೆಯೋ ನುಗ್ಗೆಯೋ ಹಾಲಿವಾಣವೋ ಇರುತ್ತದೆ, ಮಲೆನಾಡಿನಲ್ಲಿ ಅಡಿಕೆ ಮರ. ನನ್ನ ಬಳ್ಳಿಗೆ ಕೋಲೇ ಮರ. ನಾರನ್ನು ಒದ್ದೆಯಾಗಿಟ್ಟರೆ ಬೇರು ಒಪ್ಪಿ ಹಿಡಿಯುತ್ತದೆ.

ಎಲೆತೋಟದ ಕೆಲಸಗಳಲ್ಲಿ ನನ್ನನ್ನು ಅತಿ ಹೆಚ್ಚು ಸೆಳೆದದ್ದು ಬಳ್ಳಿ ಇಳಿಸುವುದು. ಬಳ್ಳಿ ಮರದ ನೆತ್ತಿಗೆ ಏರಿದಂತೆ ಎಲೆ ಸಣ್ಣದಾಗುತ್ತದೆ, ಕೈಗೂ ಎಟುಕುವುದಿಲ್ಲ. ಆಗ ಅದನ್ನು ಮರದಿಂದ ಮೆಲ್ಲಗೆ ಬಿಡಿಸಿ, ಕೆಳಗಿಳಿಸಿ, ಎಲೆ ಕೊಯ್ದ ಉದ್ದನೆಯ ಕಾಂಡವನ್ನು ಬುಡದಲ್ಲೇ ಸುರುಳಿ ಸುತ್ತಿ ಮಣ್ಣು ಮುಚ್ಚುತ್ತಾರೆ. ತುದಿಯನ್ನು ಮಾತ್ರ ಮತ್ತೆ ಮರಕ್ಕೆ ಕಟ್ಟುತ್ತಾರೆ. ಹೂತ ಗೆಣ್ಣುಗಳೆಲ್ಲ ಬೇರೊಡೆಯುತ್ತವೆ, ಬಳ್ಳಿಗೆ ಮತ್ತೆ ಪ್ರಾಯ ಬರುತ್ತದೆ. ಮುದಿತನವನ್ನೇ ಗೊಬ್ಬರದ ಜೊತೆ ಹೂತು ಎಳೆತನವನ್ನು ಮೇಲೆ ಕಳಿಸುವ ಈ ಉಪಾಯವನ್ನು ಕಂಡುಕೊಂಡವರು ಯಾರೋ, ಅವರಿಗೆ ನಾನು ದಿನಾ ಕೈಮುಗಿಯಲು ತಯಾರು. ಎಲ್ಲವೂ ಒಂದೇ ಜೀವವಾದ್ದರಿಂದ ಅಪಾಯವೂ ಒಂದೇ. ಮಳೆಗಾಲದಲ್ಲಿ ಕೊಳೆರೋಗ ಹೊಕ್ಕರೆ ಒಂದು ಬಳ್ಳಿಗೆ ತಡೆಯುವ ಶಕ್ತಿ ಇಲ್ಲದಿದ್ದಲ್ಲಿ ಪಕ್ಕದ್ದಕ್ಕೂ ಇರುವುದಿಲ್ಲ. ತೋಟಕ್ಕೆ ತೋಟವೇ ಮಲಗುತ್ತದೆ.

ನನ್ನ ಕಿಟಕಿತೋಟದಲ್ಲಿ ಎಲೆ ಬಲಿಯುತ್ತಿತ್ತು. ಹೊಸ ಎಲೆ ಹುಟ್ಟುವಾಗ ತೆಳು, ಬೆಳಕಿಗೆ ಹಿಡಿದರೆ ನರಗಳೆಲ್ಲ ಎಣಿಸುವಷ್ಟು ಸ್ಪಷ್ಟ. ದಿನ ಹೋದಂತೆ ಹಸಿರು ಒಳಗಿನಿಂದ ತುಂಬಿ, ಮೇಲ್ಮೈಗೆ ಎಣ್ಣೆ ಸವರಿದ ಹೊಳಪು ಬರುತ್ತದೆ. ಕೊಯ್ಯಬಹುದಾದ ಎಲೆ ಮುಟ್ಟಿದರೆ ತಣ್ಣಗಿರುತ್ತದೆ. ಮೊದಲನೆಯದು ಸಿದ್ಧವಾಯಿತು. ಆದರೆ ಒಂದೆಲೆಯನ್ನು ಯಾರಿಗೆ ಹೇಗೆ ಕೊಡುವುದು? ತಾಂಬೂಲವೆಂದರೆ ಜೋಡಿ ಎಲೆ. ಬಳ್ಳಿ ಮಾತ್ರ ಗೆಣ್ಣಿಗೊಂದೇ ಎಲೆ ಬಿಡುತ್ತದೆ. ಮುಂದಿನ ಗೆಣ್ಣಿನ ಎಲೆ ಹದಕ್ಕೆ ಬರಲೆಂದು ಮೊದಲನೆಯದನ್ನು ಬಳ್ಳಿಯಲ್ಲೇ ಬಿಟ್ಟು ಕಾದೆ. ಆ ಕಾಯುವಿಕೆ ಎಷ್ಟು ರುಚಿಯಾಗಿತ್ತೆಂದರೆ ಎರಡನೆಯದು ಇನ್ನಷ್ಟು ತಡವಾಗಿ ಬಲಿತರೂ ಆಗಬಹುದಿತ್ತು.

ಅಷ್ಟರಲ್ಲಿ ದೊಡ್ಡಮ್ಮನೇ ಬಂದರು. ಊಟವಾದ ಮೇಲೆ ಎರಡೂ ಎಲೆಯನ್ನು ತೊಟ್ಟಿನ ಸಮೇತ ಹೆಬ್ಬೆರಳ ಉಗುರಿನಿಂದ ಚಿವುಟಿದೆ. ದೊಡ್ಡ ತೋಟಗಳಲ್ಲಿ ಕೊಯ್ಯುವವರು ಹೆಬ್ಬೆರಳಿಗೆ ಕಬ್ಬಿಣದ ಉಗುರು ತೊಡುವುದುಂಟು. ಇಲ್ಲಿ ಅದರ ಅಗತ್ಯ ಬರಲಿಲ್ಲ. ತಟ್ಟೆಯಲ್ಲಿ ಅಡಿಕೆಯ ಜೊತೆ ಇಟ್ಟುಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡು, ಎಲೆಯನ್ನು ಸೆರಗಿನಿಂದ ಒರೆಸಿ, ತೊಟ್ಟು ತುದಿ ಮುರಿದು, ಬೆನ್ನಿನ ನಾರನ್ನು ಒಂದೇ ಎಳೆತಕ್ಕೆ ಸುಲಿದು, ಒಂದನ್ನು ನನಗೂ ಮುಂದೆ ಮಾಡಿದರು. ಸುಣ್ಣ ಅಡಿಕೆ ಬೇಡವೆಂದು ಬರಿಯ ಎಲೆಯನ್ನೇ ಬಾಯಿಗಿಟ್ಟೆ. ಮೊದಲು ಹಸಿರಿನ ತಂಪು, ಆಮೇಲೆ ನಾಲಗೆಯ ಎರಡೂ ಬದಿಗೆ ಲವಂಗದ ಚುರುಕು. ಲವಂಗದಲ್ಲಿರುವ ಯೂಜಿನಾಲ್ ಇದರಲ್ಲೂ ಇದೆ.

ದೊಡ್ಡಮ್ಮ ಅಗಿಯುತ್ತ ಕಿಟಕಿಯ ಕಡೆ ನೋಡಿದರು. “ಎಲೆ ಎಳಸು ಕಣೋ. ಖಾರ ಇನ್ನೂ ಸಾಲದು.”

“ಹಿತ್ತಲಿನ ಬಳ್ಳಿಯೇ ಅಲ್ವಾ ದೊಡ್ಡಮ್ಮ ಇದು?”

“ಅದೇ ಬಳ್ಳಿ. ಬಿಸಿಲು ಬೇರೆ, ನೀರು ಬೇರೆ. ಕೋಲು ದಾಟಿದ ಮೇಲೆ ಒಂದ್ಸಲ ಇಳಿಸು, ಆಮೇಲೆ ಬರೋ ಎಲೆ ತಿಂದು ನೋಡು.” ಹೇಳುತ್ತಲೇ ಎದ್ದುಹೋಗಿ ಕುಂಡದ ಅಂಚನ್ನು ಬೆರಳಿನಿಂದ ತಟ್ಟಿ ನೋಡಿದರು. “ಇಳಿಸೋಕೆ ಇಲ್ಲಿ ಜಾಗ ಎಲ್ಲಿದೆ? ದೊಡ್ಡ ಕುಂಡ ತರಿಸು.”