ತೃಪ್ತಿಯ ಉಪದೇಶ ಯಾರಿಗೆ?

ಇದ್ದುದರಲ್ಲಿ ತೃಪ್ತಿಪಡಬೇಕೆಂಬುದು ಶ್ರಾವಕಧರ್ಮದ ಮೊದಲ ಪಾಠಗಳಲ್ಲೊಂದು. ಪರಿಗ್ರಹ ಪರಿಮಾಣ ವ್ರತಕ್ಕೆ ಈ ತೃಪ್ತಿಯೇ ಬೇರು. ಆದರೆ ಮನುಷ್ಯನು ಈ ಪಾಠವನ್ನು ತನಗೆ ಹೇಳಿಕೊಳ್ಳುವುದಕ್ಕಿಂತ ಹೆಚ್ಚಾಗಿ ಪರರಿಗೆ ಹೇಳುತ್ತಾನೆ. ಕರಾವಳಿಯ ಪೇಟೆಯೊಂದರ ಜವಳಿ ವ್ಯಾಪಾರಿಯೊಬ್ಬರಿಗೆ ಈ ಸಂಗತಿ ಮನವರಿಕೆಯಾದುದು, ಮಗಳು ಕ್ರಿಸ್‌ಮಸ್ ರಜೆಯಲ್ಲಿ ಓದಲು ತಂದ ಒಂದು ಇಂಗ್ಲಿಷ್ ಕಥೆಯಿಂದ.

ಮಗಳು ಓದುತ್ತಿದ್ದುದು ಕ್ರೈಸ್ತ ಮಿಷನ್ನಿನ ಶಾಲೆಯಲ್ಲಿ. ಡಿಸೆಂಬರಿನ ರಜೆ ಮುಗಿಯುವುದರೊಳಗೆ ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ ಓದಿ ಬರಬೇಕೆಂದು ಅಧ್ಯಾಪಕಿ ಹೇಳಿದ್ದರು. ಆ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಯುತ್ತಿತ್ತು. ಅನಂತರ ಅವಳು ಒಂದೊಂದು ಪುಟವನ್ನು ಓದಿ ಅದರ ಅರ್ಥವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅಂಗಡಿಯನ್ನು ಗುಮಾಸ್ತರಿಗೆ ಒಪ್ಪಿಸಿ ಊಟಕ್ಕೆ ಬಂದ ತಂದೆ, ಪಕ್ಕದಲ್ಲಿ ಕುಳಿತು ಕೇಳುತ್ತಿದ್ದರು.

ಈ ಕಥೆಯು ಲಂಡನ್ನಿನಲ್ಲಿ 1843ರ ಡಿಸೆಂಬರ್ 19ರಂದು ಪ್ರಕಟವಾಯಿತು. ಮೊದಲ ಮುದ್ರಣದ 6,000 ಪ್ರತಿಗಳು ಹಬ್ಬದ ಹಿಂದಿನ ದಿನದೊಳಗೆ ಮುಗಿದುಹೋದವು. ಡಿಕನ್ಸನು ಬಡತನವನ್ನು ಕೇಳಿ ಬರೆದವನಲ್ಲ. 1824ರಲ್ಲಿ ಸಾಲ ತೀರಿಸಲಾರದೆ ತಂದೆ ಸೆರೆಮನೆ ಸೇರಿದಾಗ, ಹನ್ನೆರಡು ವರ್ಷದ ಈ ಬಾಲಕನು ಬೂಟ್ ಪಾಲಿಶ್ ತಯಾರಿಸುವ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ದುಡಿದಿದ್ದನು. ಆ ನೋವು ಅವನ ಬರಹದಿಂದ ಎಂದೂ ದೂರವಾಗಲಿಲ್ಲ.

ಕಥೆಯ ಸ್ಕ್ರೂಜ್ ಒಬ್ಬ ಜಿಪುಣ ವ್ಯವಹಾರಸ್ಥ. ಅವನ ಗುಮಾಸ್ತನಾದ ಬಾಬ್ ಕ್ರಾಚಿಟ್‌ನಿಗೆ ವಾರಕ್ಕೆ ಹದಿನೈದು ಶಿಲಿಂಗ್ ಸಂಬಳ. ಹೊರಗೆ ಮಂಜು, ಒಳಗೆ ಕೊರೆಯುವ ಚಳಿ. ಗುಮಾಸ್ತನ ಕೋಣೆಯ ಒಲೆಯಲ್ಲಿ ಉರಿಯುವುದು ಒಂದೇ ಕೆಂಡವೋ ಎಂಬಷ್ಟು ಸಣ್ಣ ಬೆಂಕಿ. ಇನ್ನಷ್ಟು ಇದ್ದಲು ಹಾಕೋಣವೆಂದರೆ ಇದ್ದಲಿನ ಪೆಟ್ಟಿಗೆ ಯಜಮಾನನ ಕೋಣೆಯಲ್ಲಿದೆ. ಬಡಪಾಯಿಯು ಮೇಣದ ಬತ್ತಿಯ ಉರಿಗೆ ಕೈ ಒಡ್ಡಿ ಕಾಯಿಸಿಕೊಳ್ಳಲು ನೋಡುತ್ತಾನೆ.

ಇಲ್ಲಿಗೆ ಬಂದಾಗ ವ್ಯಾಪಾರಿ ತಲೆಯೆತ್ತಿದರು. ಅವರ ಅಂಗಡಿಯಲ್ಲಿ ಇದ್ದುದು ಒಂದೇ ಫ್ಯಾನು. ಅದು ಅವರ ಗಾದಿಯ ಮೇಲಿತ್ತು. ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದ ಗುಮಾಸ್ತರು ಕುಳಿತುಕೊಳ್ಳುತ್ತಿದ್ದುದು ಒಳಗಿನ ದಾಸ್ತಾನು ಕೋಣೆಯಲ್ಲಿ, ಬಟ್ಟೆಯ ಮೂಟೆಗಳ ನಡುವೆ. ಹಾಳೆಯ ಮೇಲೆ ಬೆವರು ಬೀಳದಂತೆ ಅವರು ಮುಂಗೈಯ ಕೆಳಗೆ ಒಂದು ಬಟ್ಟೆಯ ತುಂಡನ್ನು ಇಟ್ಟುಕೊಳ್ಳುತ್ತಿದ್ದರು. ವ್ಯಾಪಾರಿಯು ಅದನ್ನು ಪ್ರತಿದಿನವೂ ಕಂಡಿದ್ದರು. ಅದು ಗುಮಾಸ್ತರ ಅಚ್ಚುಕಟ್ಟುತನವೆಂದೇ ಭಾವಿಸಿದ್ದರು.

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಕಟ್ಟುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು ಇವುಗಳ ಜೊತೆಯಲ್ಲಿಯೇ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧಗಳೂ ಸೇರಿವೆ. ಶಕ್ತಿಮೀರಿ ಹೊರೆ ಹೊರಿಸುವುದು, ತಕ್ಕ ಆಹಾರವನ್ನು ತಡೆಯುವುದು ಕೂಡ ಹಿಂಸೆಯ ಕಡೆಗೆ ಜಾರುವ ದಾರಿಗಳೇ. ನೀರನ್ನು ಸೋಸಿ ಕುಡಿಯುವ ಮನೆಯವರು, ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುವವರು, ತಮ್ಮ ಅಂಗಡಿಯ ಒಳಕೋಣೆಯಲ್ಲಿ ಈ ಸೂಕ್ಷ್ಮವನ್ನು ಮರೆಯುವುದುಂಟು.

ಮರುದಿನದ ಓದಿನಲ್ಲಿ ಕ್ರಾಚಿಟ್ ಮನೆಯ ಹಬ್ಬದೂಟ ಬಂದಿತು. ಅದರಲ್ಲಿ ಬಾತುಕೋಳಿಯ ಪ್ರಸ್ತಾಪವಿರುವುದರಿಂದ ಮಗಳು ಅಳುಕಿ ನಿಲ್ಲಿಸಿದಳು. “ಆ ಹಕ್ಕಿಯ ಜೀವ ಹೋದದ್ದು ಪಾಪವೇ; ಆದರೂ ಮಕ್ಕಳು ಹಸಿದಿದ್ದರಲ್ಲ, ಮುಂದೆ ಓದು” ಎಂದರು ಅಜ್ಜಿ. ಕೊನೆಗೆ ಸಿಹಿ ಪುಡ್ಡಿಂಗ್ ಬರುತ್ತದೆ. ಅಷ್ಟು ದೊಡ್ಡ ಸಂಸಾರಕ್ಕೆ ಅದು ಚಿಕ್ಕದೆಂದು ಯಾರೂ ಅನ್ನುವುದಿಲ್ಲ, ಹಾಗೆಂದು ಎಣಿಸುವುದೂ ಇಲ್ಲ. ರೋಗಿಷ್ಠನಾದ ಕಿರಿಯ ಮಗ ಟಿಮ್ ಎಲ್ಲರಿಗೂ ಒಳಿತನ್ನು ಹಾರೈಸುತ್ತಾನೆ. ಈ ಹಬ್ಬಕ್ಕೆ ಯಜಮಾನನೇ ಕಾರಣನೆಂದು ಬಾಬ್ ಸ್ಕ್ರೂಜನಿಗೂ ಶುಭ ಕೋರಿದಾಗ ಮಾತ್ರ ಅವನ ಹೆಂಡತಿಗೆ ಸಹಿಸಲಾಗುವುದಿಲ್ಲ. ಅಂಥ ಕಠಿಣ ಮನುಷ್ಯನಿಗೆ ಶುಭ ಕೋರಬೇಕೆ ಎಂದು ಸಿಡಿದು, ಹಬ್ಬದ ದಿನವೆಂದು ಗಂಡನ ಮಾತಿಗೆ ಒಪ್ಪುತ್ತಾಳೆ.

“ಅವಳು ಕೃತಜ್ಞತೆ ಇಲ್ಲದವಳೇ?” ಎಂದು ಮಗಳು ಕೇಳಿದಳು. ತಂದೆ ಉತ್ತರ ಕೊಡಲಿಲ್ಲ. ಅವರಿಗೆ ದೀಪಾವಳಿಯ ಹಿಂದಿನ ವಾರ ನೆನಪಾಯಿತು. ಮಗಳ ಕಾಲೇಜಿನ ಖರ್ಚು ಹೆಚ್ಚಿದೆ, ಸಂಬಳವನ್ನು ಸ್ವಲ್ಪ ನೋಡಬೇಕು ಎಂದು ಗುಮಾಸ್ತರು ಕೇಳಿಕೊಂಡಿದ್ದರು. “ಆಸೆಗೆ ಕೊನೆಯಿಲ್ಲ, ಇದ್ದುದರಲ್ಲಿ ತೃಪ್ತಿ ಇರಬೇಕು” ಎಂದು ವ್ಯಾಪಾರಿ ಹೇಳಿದ್ದರು. ಗುಮಾಸ್ತರು ಕೈಮುಗಿದು ಒಳಗೆ ಹೋಗಿದ್ದರು. ತಾವು ಧರ್ಮದ ಮಾತನ್ನೇ ಹೇಳಿದೆವೆಂದು ವ್ಯಾಪಾರಿ ಸಮಾಧಾನಪಟ್ಟಿದ್ದರು. ಅದೇ ವರ್ಷದ ದಶಲಕ್ಷಣ ಪರ್ವದಲ್ಲಿ ಅವರು ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ್ದರು. ಬರೆದುಕೊಟ್ಟ ಮಿತಿಯು ಮಾತ್ರ ಇದ್ದ ಆಸ್ತಿಗಿಂತ ಬಹಳ ಮೇಲಿತ್ತು.

ಕಥೆಯ ಕೊನೆಯಲ್ಲಿ ಸ್ಕ್ರೂಜನ ಮನಸ್ಸು ತಿರುಗುತ್ತದೆ. ಅವನು ಗುಮಾಸ್ತನ ಸಂಬಳವನ್ನು ಹೆಚ್ಚಿಸುತ್ತಾನೆ. ಇನ್ನೊಂದಕ್ಷರ ಬರೆಯುವ ಮೊದಲು ಹೋಗಿ ಇದ್ದಲಿನ ಪೆಟ್ಟಿಗೆಯೊಂದನ್ನು ಕೊಂಡು ತರಬೇಕೆಂದು ಅವನಿಗೆ ಹೇಳುತ್ತಾನೆ. ಮೊದಲ ಪುಟಗಳ ಆ ಚಳಿ ಇಲ್ಲಿಗೆ ಮುಗಿಯುತ್ತದೆ.

ರಜೆ ಮುಗಿಯುವ ಮೊದಲೇ ದಾಸ್ತಾನು ಕೋಣೆಗೆ ಫ್ಯಾನು ಬಂದಿತು. ಜನವರಿಯಿಂದ ಸಂಬಳ ಹೆಚ್ಚಿತು. ಹೆಚ್ಚಿಸಿದ ಮೊತ್ತವನ್ನು ವ್ಯಾಪಾರಿಯು ದಾನಧರ್ಮದ ಖಾತೆಗೆ ಬರೆಯಲಿಲ್ಲ, ಸಂಬಳದ ಖಾತೆಯಲ್ಲಿಯೇ ಬರೆದರು. ಗುಮಾಸ್ತರು ಹೆಚ್ಚು ಮಾತನಾಡಲಿಲ್ಲ. ಅವರಿಂದ ಕೃತಜ್ಞತೆಯ ಮಾತನ್ನು ನಿರೀಕ್ಷಿಸುವ ಹಕ್ಕು ತಮಗಿಲ್ಲವೆಂದು ವ್ಯಾಪಾರಿಗೂ ತಿಳಿದಿತ್ತು. ಊರ ಬಸದಿಯ ಆಡಳಿತ ಮಂಡಳಿಯಲ್ಲಿ ಅವರೂ ಒಬ್ಬ ಸದಸ್ಯರು. ಅರ್ಚಕರ ಸಂಭಾವನೆಯ ವಿಷಯವು ಅಲ್ಲಿ ಎರಡು ಸಭೆಗಳಿಂದ ಮುಂದೆ ಹೋಗುತ್ತಲಿತ್ತು. ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಎತ್ತಿಕೊಳ್ಳಬೇಕೆಂದು ಅವರು ಪತ್ರ ಬರೆದರು.

ಡಿಕನ್ಸನ ಆ ಪುಸ್ತಕದ ಬೆಲೆ ಐದು ಶಿಲಿಂಗ್ ಆಗಿತ್ತು. ಅಂದರೆ ಬಾಬ್ ಕ್ರಾಚಿಟ್‌ನಂಥವನ ವಾರದ ಸಂಬಳದ ಮೂರನೆಯ ಒಂದು ಭಾಗ. ಅದನ್ನು ಕೊಂಡು ಓದಿದವರು ಹೆಚ್ಚಾಗಿ ಯಜಮಾನರ ಮನೆಯವರೇ ಆಗಿರಬೇಕು. 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಈ ಕಥೆಯನ್ನು ಸಭೆಯೆದುರು ತಾನೇ ಓದಲು ಒಪ್ಪಿದಾಗ, ಒಂದು ವಾಚನವು ದುಡಿಯುವ ಜನರಿಗಾಗಿ ಕಡಿಮೆ ದರದಲ್ಲಿ ನಡೆಯಬೇಕೆಂದು ಡಿಕನ್ಸನು ಕೇಳಿಕೊಂಡನು.

ತೃಪ್ತಿಯೆಂಬುದು ದೊಡ್ಡ ಗುಣ. ಆದರೆ ಅದು ತನ್ನ ಗಳಿಕೆಗೆ ತಾನು ಹಾಕಿಕೊಳ್ಳುವ ಮಿತಿ. ಪರರ ಕೂಲಿಗೆ ಹಾಕುವ ಮಿತಿಯಲ್ಲ. ತನಗೆ ಇರುವುದು ಎಷ್ಟೆಂದು ಕೃತಜ್ಞತೆಯಿಂದ ಎಣಿಸಲು ಕುಳಿತ ಶ್ರಾವಕನು, ಅದರಲ್ಲಿ ಇತರರಿಗೆ ಸಲ್ಲಬೇಕಾದುದು ಎಷ್ಟೆಂಬುದನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ನೋಡಲಿ.