ಬೆಟ್ಟದ ಮನೆಯ ನೋಟ್‌ಬುಕ್

ನಮ್ಮಲ್ಲಿ ಹೋಟೆಲ್ ಎಂದ ಕೂಡಲೇ ಇಡ್ಲಿ, ವಡೆ, ಫಿಲ್ಟರ್ ಕಾಫಿಯ ಪರಿಮಳ ಮೂಗಿಗೆ ಬರುತ್ತದೆ. ಆಲ್ಪ್ಸ್ ಪರ್ವತದ ಹಳ್ಳಿಗಳಲ್ಲಿ ಎಷ್ಟೋ ಕಡೆ ಹೋಟೆಲ್ ಎಂದರೆ ಒಂದು ಮನೆ, ಅಷ್ಟೇ. ಕೆಳಗೆ ಮನೆಯವರು, ಮೇಲಿನ ಕೋಣೆಗಳಲ್ಲಿ ಅತಿಥಿಗಳು. ಬೀಗದ ಕೈ ಕೊಡುವವರು ಸೊಸೆ, ಒಲೆಯ ಮುಂದೆ ನಿಲ್ಲುವವರು ಮಗ, ಎಲ್ಲರ ಮೇಲೂ ಒಂದು ಕಣ್ಣಿಟ್ಟಿರುವವರು ಅಜ್ಜಿ. ಅಂಥದ್ದೊಂದು ಮನೆಯಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ನಾವು ನಾಲ್ಕು ರಾತ್ರಿ ಉಳಿದಿದ್ದೆವು. ನಾವು ಎಂದರೆ ನಾನು, ಜ್ಯೂರಿಕ್‌ನಲ್ಲಿ ಕೆಲಸದಲ್ಲಿರುವ ಮಗಳು ಮತ್ತು ಐದನೇ ತರಗತಿಯ ಮೊಮ್ಮಗ.

ಊರಿನ ಹೆಸರು ಮ್ಯೂರೆನ್. ಅದು ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್ ಕಣಿವೆಯ ಮೇಲೆ, ಬಂಡೆಯ ಅಂಚಿನಲ್ಲಿದೆ. ಕಣಿವೆಯ ಎರಡೂ ಬದಿಗೆ ಗೋಡೆಯಂತೆ ನಿಂತ ಕಲ್ಲು. ಅದರ ಮೇಲಿಂದ ಸುಮಾರು 300 ಮೀಟರ್ ಧುಮುಕುವ ಸ್ಟೌಬಾಖ್ ಜಲಪಾತ ಕೆಳಗೆ ಬರುವಷ್ಟರಲ್ಲಿ ಅರ್ಧ ಗಾಳಿಯಲ್ಲೇ ಪುಡಿಯಾಗಿರುತ್ತದೆ. ಮ್ಯೂರೆನ್‌ನ ಬೀದಿಗಳಲ್ಲಿ ಪ್ರವಾಸಿಗರ ಕಾರುಗಳಿಗೆ ಜಾಗವಿಲ್ಲ. ಮೊದಲು ಕೇಬಲ್ ಕಾರು, ಆಮೇಲೆ ಬಂಡೆಯಂಚಿನಲ್ಲಿ ಓಡುವ ಪುಟ್ಟ ರೈಲು. ಈ ಬೆಟ್ಟದ ರೈಲುದಾರಿ 1891ರಲ್ಲಿ ಶುರುವಾದದ್ದು. ಕೇಬಲ್ ಕಾರಿನ ಹೊಟ್ಟೆಯ ಕೆಳಗೆ ಸಾಮಾನು ತೂಗಿಕೊಂಡು ಬರುವುದನ್ನು ಮೊಮ್ಮಗ ಬೆರಗಿನಿಂದ ನೋಡಿದ. ಹಿಟ್ಟು, ತರಕಾರಿ, ಕುರ್ಚಿ, ನಮ್ಮ ಪೆಟ್ಟಿಗೆ, ಎಲ್ಲವೂ ಹೀಗೇ ಮೇಲೇರಬೇಕು.

ಊರು ಸುಮಾರು 1,640 ಮೀಟರ್ ಎತ್ತರದಲ್ಲಿದೆ. "ಮುಳ್ಳಯ್ಯನಗಿರಿ 1,930 ಮೀಟರ್ ಅಲ್ವಾ ತಾತ? ಮತ್ತೆ ಅಲ್ಲೇಕೆ ಹಿಮ ಬೀಳಲ್ಲ?" ಎಂದ ಮೊಮ್ಮಗ. ಮಕ್ಕಳೇ, ಉತ್ತರ ಭೂಪಟದಲ್ಲಿದೆ. ಮುಳ್ಳಯ್ಯನಗಿರಿ ಇರುವುದು ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ, ಮ್ಯೂರೆನ್ ಇರುವುದು 46 ಡಿಗ್ರಿ ದಾಟಿ. ಅಲ್ಲಿ ಚಳಿಗಾಲದ ಸೂರ್ಯ ನಡುಮಧ್ಯಾಹ್ನವೂ ತಗ್ಗಿನಲ್ಲೇ ಸಾಗಿಹೋಗುತ್ತಾನೆ. ನೆಲ ಬಿಸಿಯಾಗುವುದಿಲ್ಲ, ಬಿದ್ದ ಹಿಮ ಕರಗುವುದಿಲ್ಲ.

ಮನೆಯ ಒಳಗೆ ಎಲ್ಲಕ್ಕೂ ಕ್ರಮವಿತ್ತು. ಬೂಟುಗಳಿಗೆ ಬೇರೆಯೇ ಕೋಣೆ. ರಾತ್ರಿ ಊಟ ಆರೂವರೆಗೆ, ಅಂದರೆ ಆರೂವರೆಗೇ. ಊಟದ ಕೈವಸ್ತ್ರವನ್ನು ದಿನವೂ ಒಗೆಯುವುದಿಲ್ಲ. ನಮ್ಮ ಕೋಣೆಯ ಸಂಖ್ಯೆ ಹೊಲಿದ ಚೀಲದಲ್ಲಿ ಅದನ್ನು ಮಡಿಸಿಟ್ಟರೆ ಮರುದಿನ ಅದೇ ಮತ್ತೆ. ನೀರು, ಸೋಪು, ಶ್ರಮ ಮೂರೂ ಉಳಿತಾಯ. ನಾವು ಮಾಂಸ ತಿನ್ನುವುದಿಲ್ಲ ಎಂದಾಗ ಮಗ ಒಂದು ಕ್ಷಣ ಯೋಚಿಸಿ, ಆಲೂಗಡ್ಡೆ ತುರಿದು ಗರಿಗರಿಯಾಗಿ ಹುರಿದ ರೋಸ್ಟಿಯ ಮೇಲೆ ಗಿಣ್ಣು ಕರಗಿಸಿ ತಂದಿಟ್ಟರು. ನಾನು ಒಯ್ದಿದ್ದ ಮಾವಿನಮಿಡಿಯನ್ನು ಅಜ್ಜಿ ರುಚಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಕೇಳಿದರು.

ಆ ಅಜ್ಜಿಗೆ ಎಂಬತ್ತು ದಾಟಿದೆ. ಮೂರನೇ ದಿನ ಸಂಜೆ ಮೊಮ್ಮಗ ಕಿಟಕಿಯಿಂದ ಕೈತೋರಿಸಿ, "ಮನೆಯ ಪಕ್ಕ ಅಷ್ಟು ಚೆಂದದ ಜಾಗ ಖಾಲಿ ಇದೆ, ಅಲ್ಲೂ ಕೋಣೆ ಕಟ್ಟಬಹುದಲ್ಲ?" ಎಂದ. ಮಗಳು ಅದನ್ನು ಜರ್ಮನ್ ಭಾಷೆಯಲ್ಲಿ ಕೇಳಿದಳು. ಅಜ್ಜಿ ಪಕ್ಕದ ಕುರ್ಚಿ ಎಳೆದು ಕುಳಿತರು.

"ಅದು ಹಿಮದ ದಾರಿ," ಎಂದರು. "ನನ್ನ ಅಜ್ಜ ತೋರಿಸಿಕೊಟ್ಟದ್ದು. ನಾನು ಹುಟ್ಟಿದ ಮೇಲೆ ಒಮ್ಮೆಯೂ ಆ ದಾರಿಯಲ್ಲಿ ಹಿಮ ಬಂದಿಲ್ಲ. ಆದರೂ ಅದು ಅದರದೇ ದಾರಿ."

1951ರ ಚಳಿಗಾಲದಲ್ಲಿ ಅವರಿಗೆ ಏಳು ವರ್ಷ. ಆಲ್ಪ್ಸ್ ಪರ್ವತದುದ್ದಕ್ಕೂ ದಿನಗಟ್ಟಲೆ ಹಿಮ ಸುರಿಯಿತು. ಸ್ವಿಟ್ಜರ್ಲೆಂಡ್ ಒಂದರಲ್ಲೇ ಹಿಮಕುಸಿತಕ್ಕೆ 98 ಮಂದಿ ಬಲಿಯಾದರು. ಈ ಮನೆಯವರು ಕಣಿವೆಯ ಕಡೆಗಿನ ಒಂದೇ ಕೋಣೆಯಲ್ಲಿ ಎಲ್ಲರೂ ಒತ್ತೊತ್ತಾಗಿ ಮಲಗಿದ್ದರಂತೆ. ಮನೆ ಉಳಿಯಿತು. ಹಳಬರು ನೋಡಿ ನೋಡಿ ಆರಿಸಿದ ಜಾಗ ಅದು.

ಆ ವರ್ಷದ ಬಳಿಕ ದೇಶದ ಎತ್ತರದ ಇಳಿಜಾರುಗಳಲ್ಲಿ ಹಿಮ ಜಾರದಂತೆ ಹಿಡಿದಿಡುವ ಬೇಲಿಗಳನ್ನು ಸಾಲುಸಾಲಾಗಿ ನಿಲ್ಲಿಸಿದರು. ಅದಕ್ಕೂ ಎಷ್ಟೋ ಮುಂಚೆ, 1876ರಲ್ಲೇ, ಬೆಟ್ಟದ ಕಾಡು ಉಳಿಸಲು ಕಾನೂನು ಬಂದಿತ್ತು. ದಟ್ಟ ಮರಗಳಿದ್ದಲ್ಲಿ ಹಿಮ ಒಂದೇ ಹಾಳೆಯಾಗಿ ಜಾರಲಾರದು. ಈಗ ಚಳಿಗಾಲದಲ್ಲಿ ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ದಿನಕ್ಕೆ ಎರಡು ಬಾರಿ ಅಪಾಯದ ಮುನ್ಸೂಚನೆ ಕೊಡುತ್ತದೆ. ಹಿಮಕುಸಿತವನ್ನು ಎದುರಿಸುವ ಈ ಜ್ಞಾನವನ್ನು 2018ರಲ್ಲಿ ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾ ಎರಡೂ ದೇಶಗಳಿಗೆ ಆ ಗೌರವ. ಯಂತ್ರಗಳಿದ್ದರೂ ಅಜ್ಜ ತೋರಿಸಿದ ದಾರಿಯನ್ನು ಯಾರೂ ಮರೆತಿಲ್ಲ ಎಂಬುದೇ ಅದರ ಅರ್ಥ.

ಆದರೆ ಮುಂದೆ ನೆನಪಿಡುವವರು ಯಾರು? ಆ ಮನೆಯಲ್ಲಿ ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಇದೇ ಪ್ರಶ್ನೆ. ಅಜ್ಜಿಯ ಮೊಮ್ಮಗಳಿಗೆ ಹದಿನಾರು ವರ್ಷ. ಶಾಲೆಯಿಂದ ಬಂದು ಮೇಜು ಸಿದ್ಧಪಡಿಸುತ್ತಾಳೆ, ರೈಲು ಎಂಜಿನಿಯರ್ ಆಗುವ ಕನಸು ಕಾಣುತ್ತಾಳೆ. ಮನೆ ಕೊಳ್ಳುತ್ತೇವೆ ಎಂದು ಪೇಟೆಯವರು ಆಗಲೇ ಬಂದು ಕೇಳಿದ್ದಾರೆ. "ನನ್ನನ್ನು ಯಾರೂ ಕೇಳಲಿಲ್ಲ, ಅಡುಗೆಮನೆಗೆ ಕಳಿಸಿದರು," ಎಂದು ಮಗ ನಕ್ಕರು. "ಇವಳನ್ನು ಕೇಳುತ್ತೇವೆ. ಬೇಡ ಎಂದರೆ ಬೇಡ." ಅಜ್ಜಿ ನಗಲಿಲ್ಲ, ವಿರೋಧಿಸಲೂ ಇಲ್ಲ. ತಮ್ಮ ಮಾತು ಒಂದೇ ಎಂದರು: "ಬೇಡ ಎನ್ನುವ ಮೊದಲು ಯಾವುದು ಬೇಡ ಎಂದು ಅವಳಿಗೆ ಪೂರ್ತಿ ಗೊತ್ತಿರಬೇಕು."

ಅದಕ್ಕಾಗಿ ಒಂದು ನೋಟ್‌ಬುಕ್ ಇದೆ. ಪ್ರತಿ ಭಾನುವಾರ ಊಟದ ನಂತರ ಅಜ್ಜಿ ಹೇಳುತ್ತಾರೆ, ಹುಡುಗಿ ಬರೆಯುತ್ತಾಳೆ. ನೀರಿನ ಕೊಳವೆ ಹೆಪ್ಪುಗಟ್ಟುವ ಮೂಲೆ ಯಾವುದು. ಅತಿಥಿಗಳಿಲ್ಲದ ನವೆಂಬರಿನಲ್ಲಿ ಮೊದಲು ರಿಪೇರಿ ಮಾಡಬೇಕಾದ ಕಿಟಕಿ ಯಾವುದು. ಹಸುಗಳು ಮೇಲಿನ ಹುಲ್ಲುಗಾವಲಿನಿಂದ ಬೇಗ ಇಳಿದು ಬಂದ ವರ್ಷ ಎಷ್ಟು ಸೌದೆ ಕೂಡಿಡಬೇಕು. ಹಿಮದ ದಾರಿಯ ಚಿತ್ರಕ್ಕೆ ಎರಡು ಪುಟ.

"ನೀನು ಇಲ್ಲೇ ಇರುತ್ತೀಯಾ?" ಎಂದು ನಾನು ಕೇಳಿಸಿದೆ. ಹುಡುಗಿ ಕೈವಸ್ತ್ರ ಮಡಿಸುತ್ತಲೇ ಹೇಳಿದಳು: "ಇನ್ನೂ ಗೊತ್ತಿಲ್ಲ. ಆದರೆ ಇದನ್ನು ಬರೆಯದಿದ್ದರೆ, ಇರುತ್ತೇನೆ ಎಂದು ಬಂದವರಿಗೂ ಕಷ್ಟವಾಗುತ್ತದೆ."

ನನ್ನಂಥ ಅಜ್ಜಂದಿರು ಮಕ್ಕಳಿಗೆ ಹಳೆಯದನ್ನು ಹೇಳುವುದು ಹೆಚ್ಚು, ಅವರು ಬರೆದುಕೊಳ್ಳುವಂತೆ ಹೇಳುವುದು ಕಡಿಮೆ. ಕೇಳುವ ಮಕ್ಕಳಿದ್ದರೆ ಹೇಳುವ ರೀತಿಯೂ ಬದಲಾಗುತ್ತದೆ. ಈಗ ಭಾನುವಾರದ ವಿಡಿಯೋ ಕರೆಯಲ್ಲಿ ನನ್ನ ಮೊಮ್ಮಗ ಪೆನ್ನು ಹಿಡಿದು ಕೂರುತ್ತಾನೆ. ಹೋದ ವಾರದ ಪ್ರಶ್ನೆ: "ತಾತ, ನಮ್ಮೂರ ಬಾವಿ ಯಾವ ಮಳೆಗೆ ತುಂಬುತ್ತೆ?"

ಪುನರ್ವಸುವಿಗೋ ಪುಷ್ಯಕ್ಕೋ ಎಂದು ಪಕ್ಕದ ಮನೆಯ ಹಿರಿಯರನ್ನು ವಿಚಾರಿಸಿದ್ದೇನೆ. ಈ ಭಾನುವಾರ ಉತ್ತರ ಕೊಡಬೇಕು.