ಹೆದರಿಸಲಾಗದ ಭೂತ

ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹೊರಗೇ ನಿಲ್ಲಿಸಿದವರು ನಮ್ಮ ಕಡೆಯವರು. ಕೋಲ್ಕತ್ತದವರ ರೀತಿಯೇ ಬೇರೆ. ಕಾಳಿಪೂಜೆಯ ಹಿಂದಿನ ದಿನ, ಭೂತ ಚತುರ್ದಶಿಯಂದು, 14 ಬಗೆಯ ಸೊಪ್ಪು ತಿಂದು, ಹಿರಿಯರ ಹೆಸರಲ್ಲಿ 14 ದೀಪ ಹಚ್ಚುತ್ತಾರೆ. ಮೀನಿಗೆ ಆಸೆಪಡುವ ‘ಮೆಛೋ ಭೂತ’ ಅಲ್ಲಿನ ಮಕ್ಕಳಿಗೆ ನೆಂಟನಿದ್ದ ಹಾಗೆ.

ನನಗೆ ಅಲ್ಲಿಗೆ ವರ್ಗವಾದ ವರ್ಷ ಮಗ ಗಣಿತದಲ್ಲಿ ಫೇಲಾದ. ಬಂಗಾಳಿ ಬಾರದು, ಗೆಳೆಯರಿಲ್ಲ. ಮನೆಯಲ್ಲೂ ಮಾತು ನಿಲ್ಲಿಸಿಬಿಟ್ಟ. ಪಕ್ಕದ ಮನೆಯ ಮಾಶಿಮಾ ಅವನನ್ನು ಕೂರಿಸಿಕೊಂಡು, ಶೀರ್ಷೇಂದು ಮುಖೋಪಾಧ್ಯಾಯರ ಮಕ್ಕಳ ಕಾದಂಬರಿ ‘ಗೋಸಾಯಿಂಬಾಗಾನೇರ್ ಭೂತ್’ನ ಕಥೆಯನ್ನು ಅರ್ಧ ಹಿಂದಿ, ಅರ್ಧ ಬಂಗಾಳಿಯಲ್ಲಿ ಹೇಳತೊಡಗಿದರು. 2011ರಲ್ಲಿ ಸಿನಿಮಾ ಕೂಡ ಆದ ಕಥೆ ಅದು. ಬುರೂನ್ ಎಂಬ ಹುಡುಗನಿಗೆ ಗಣಿತದಲ್ಲಿ ಬಂದದ್ದು 13. ಮನೆಯವರೇ ಅವನನ್ನು ದೂರ ಇಡುತ್ತಾರೆ. ನಿಧಿರಾಮನೆಂಬ ಭೂತ ಎಷ್ಟು ಹೆದರಿಸಿದರೂ ಆ ಹುಡುಗ ಜಗ್ಗೋದಿಲ್ಲ. ಪಾಪ, ಭೂತಕ್ಕೇ ಅವಮಾನ! ಕಡೆಗೆ ಅದೇ ಅವನ ಜೊತೆಗಾರನಾಗುತ್ತದೆ.

“ಅಪ್ಪಾ, ಹದಿಮೂರು ಬಂದೋನ ಮೇಲೂ ಪುಸ್ತಕ ಬರೀತಾರಾ?” ಎಂದ ಮಗ. ಎಷ್ಟೋ ದಿನದ ಮೇಲೆ ತಾನಾಗಿ ಆಡಿದ ಮಾತು.

ಪರವೂರಿನಲ್ಲಿ ಮಕ್ಕಳಿಗೆ ಕತ್ತಲಿಗಿಂತ ದೊಡ್ಡ ಭಯ, ಯಾರೂ ಮಾತಾಡಿಸದೇ ಇರೋದು. ಆ ಭಯ ಬಿಡಿಸಲು ನಮ್ಮ ಮನೆಗೆ ಒಂದು ಭೂತವೇ ಬರಬೇಕಾಯಿತು.